ಮನೆಮಂದಿಗೆಲ್ಲ ಒಂದು ಕಾರು

ಎಸ್‌ಯುವಿ, ಎಂಪಿವಿ ಎಂಬ ಎರಡು ಹೆಸರುಗಳು ಈಚೆಗೆ ನಮ್ಮ ಪಟ್ಟಣಗಳ ಮನೆಗಳಲ್ಲಿ ಊಟದ ಹೊತ್ತಿನ ಮಾತಾಗಿವೆ. ಹದಿನೈದು ಇಪ್ಪತ್ತು ಲಕ್ಷ ರೂಪಾಯಿ ಕೂಡಿಸಿಕೊಂಡು, ಅಥವಾ ಅಷ್ಟು ಸಾಲ ಹುಟ್ಟೀತೆಂಬ ಧೈರ್ಯದ ಮೇಲೆ, ಹೊಸ ಕಾರು ಕೊಳ್ಳಲು ಹೊರಟ ಸಂಸಾರ ಈ ಎರಡರ ಮುಂದೆ ಬಂದು ನಿಲ್ಲುತ್ತದೆ. ಒಂದು ಕಡೆ ಎತ್ತರವಾಗಿ, ಎದೆಯುಬ್ಬಿಸಿ ನಿಂತ ಗಾಡಿ. ಬೀದಿಗೆ ಬಂದರೆ ನಾಲ್ಕು ಜನ ತಿರುಗಿ ನೋಡುವಂಥದು. ಇನ್ನೊಂದು ಕಡೆ ಉದ್ದವಾಗಿ, ಸ್ವಲ್ಪ ತಗ್ಗಾಗಿ, ಕಿಟಕಿಗಳೇ ಹೆಚ್ಚಾಗಿ ಕಾಣುವ ಗಾಡಿ. ದೂರದಿಂದ ನೋಡಿದವರಿಗೆ ಅಂಥ ವಿಶೇಷವೇನೂ ಕಾಣದು, ಬಾಗಿಲು ತೆರೆದವರಿಗೆ ಮಾತ್ರ ಒಳಗೆ ಪುಟ್ಟ ಕೋಣೆಯೇ ಇದೆಯಲ್ಲ ಎನ್ನಿಸುತ್ತದೆ. ಎರಡರಲ್ಲಿಯೂ ಏಳು ಜನಕ್ಕೆ ಸ್ಥಳವಿದೆಯೆಂದು ಮಾರುವವರು ಹೇಳುತ್ತಾರೆ. ಹೀಗಿರುವಾಗ ಯಾವುದನ್ನು ಆರಿಸಬೇಕು? ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಇದನ್ನೇ. ಮಾತಿನ ನಡುವೆ ಕೆಲವು ಗಾಡಿಗಳ ಹೆಸರು ಬರುತ್ತವೆ. ಹೋಲಿಸಿ ನೋಡಲು ಒಂದು ಅಳತೆ ಬೇಕೆಂದು ಮಾತ್ರ ಅವನ್ನು ಹೇಳುತ್ತಿದ್ದೇನೆ. ಯಾವುದರ ಶಿಫಾರಸೂ ಅಲ್ಲ.

ಮೊದಲು ಈ ಎರಡು ಜಾತಿಗಳ ಹುಟ್ಟನ್ನು ಸ್ವಲ್ಪ ನೋಡೋಣ. ಎಸ್‌ಯುವಿಯ ಮೂಲಪುರುಷ ಜೀಪು. ಕೊರಕಲು ದಾರಿ, ಕೆಸರು, ಗುಡ್ಡ ಇವುಗಳಿಗಾಗಿ ಹುಟ್ಟಿದ ಗಾಡಿ ಅದು. ಎತ್ತರದ ತಳ, ದೊಡ್ಡ ಗಾಲಿ, ನಾಲ್ಕು ಗಾಲಿಗೂ ಎಂಜಿನಿನ ಬಲ ಅದರ ಲಕ್ಷಣ. ಎಂಪಿವಿಯ ವಂಶ ಬೇರೆ. ಒಂದು ಸಂಸಾರವನ್ನೂ ಅದರ ಸಾಮಾನನ್ನೂ ಸುಖವಾಗಿ ಒಯ್ಯಲು ಗಾಲಿಯ ಮೇಲೆ ಒಂದು ಕೋಣೆಯನ್ನು ಕಟ್ಟಿದರೆ ಹೇಗೆ ಎಂಬ ಯೋಚನೆಯಿಂದ ಅದು ಬಂದಿತು. ಇಟಲಿಯ ಫಿಯಟ್ ಕಂಪನಿ 1956ರಲ್ಲಿಯೇ ಮಲ್ಟಿಪ್ಲಾ ಎಂಬ ಪುಟ್ಟ ಗಾಡಿಯಲ್ಲಿ ಇದನ್ನು ಮಾಡಿ ತೋರಿಸಿತ್ತು. ಫ್ರಾನ್ಸಿನ ರೆನೋ ಕಂಪನಿ 1984ರಲ್ಲಿ ಎಸ್ಪಾಸ್ ಎಂಬ ದೊಡ್ಡ ಗಾಡಿಯನ್ನೂ 1996ರಲ್ಲಿ ಸೆನಿಕ್ ಎಂಬ ಅಡಕವಾದ ಗಾಡಿಯನ್ನೂ ತಂದಿತು. ಸೆನಿಕ್ 1997ರಲ್ಲಿ ಯೂರೋಪಿನ ವರ್ಷದ ಕಾರು ಎಂಬ ಗೌರವವನ್ನು ಪಡೆಯಿತು.

ನಮ್ಮ ದೇಶದಲ್ಲಿ ದೊಡ್ಡ ಸಂಸಾರದ ಗಾಡಿಯೆಂದರೆ ಬಹುಕಾಲ ಅಂಬಾಸಿಡರ್ ಕಾರೇ ಆಗಿತ್ತು. ಐದು ಜನರ ಗಾಡಿಯಲ್ಲಿ ಎಂಟು ಜನ ಕುಳಿತು ಮದುವೆಗೆ ಹೋಗಿ ಬಂದ ಕಥೆ ಯಾವ ಮನೆಯಲ್ಲಿಲ್ಲ? 1994ರಲ್ಲಿ ಟಾಟಾ ಸುಮೋ ಬಂದಿತು. 2000ದಲ್ಲಿ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂದಿತು. ಧರ್ಮಸ್ಥಳಕ್ಕೋ ತಿರುಪತಿಗೋ ಬಾಡಿಗೆ ಗಾಡಿಯಲ್ಲಿ ಹೋದವರಿಗೆಲ್ಲ ಇನ್ನೋವಾ ಗೊತ್ತು. ಸ್ವಂತಕ್ಕೆ ಅಷ್ಟು ದೊಡ್ಡದನ್ನು ಕೊಳ್ಳಲಾರದವರಿಗೆಂದು 2012ರಲ್ಲಿ ಮಾರುತಿ ಎರ್ಟಿಗಾ ಬಂದಿತು. ಅದನ್ನೇ ಸ್ವಲ್ಪ ಸಿಂಗರಿಸಿ, ಏಳು ಆಸನಗಳಿಗೆ ಬದಲಾಗಿ ಆರು ಆಸನಗಳನ್ನಿಟ್ಟು, 2019ರಲ್ಲಿ ಎಕ್ಸ್‌ಎಲ್ 6 ಎಂದು ಕರೆದರು. 2022ರಲ್ಲಿ ಕಿಯಾ ಕಂಪನಿಯ ಕ್ಯಾರೆನ್ಸ್ ಬಂದಿತು. ಅಡಕವಾದ, ಆದರೆ ಒಳಗೆ ಬೆಲೆಬಾಳುವ ಅನುಕೂಲಗಳುಳ್ಳ ಎಂಪಿವಿ ಎಂದರೆ ಈ ಎರಡು ಗಾಡಿಗಳಂಥವು. ಇವುಗಳಿಗೆ ಎದುರಾಗಿ ನಿಂತ ಮೂರು ಸಾಲಿನ ಎಸ್‌ಯುವಿಗಳಿಗೆ 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700, ಅದೇ ವರ್ಷದ ಟಾಟಾ ಸಫಾರಿ ಇವು ಉದಾಹರಣೆ.

ಈ ಹೆಸರುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಹೆಚ್ಚು ನಂಬಬಾರದು ಎಂಬುದೇ ನನ್ನ ಅಭಿಪ್ರಾಯ. ಜನಕ್ಕೆ ಎಸ್‌ಯುವಿಯ ಮೇಲೆ ಮೋಹ ಹೆಚ್ಚಿದಂತೆ, ತಯಾರಕರು ಎಂಪಿವಿಗೂ ಅದೇ ವೇಷ ತೊಡಿಸತೊಡಗಿದರು. ಮೂತಿಯನ್ನು ಚಚ್ಚೌಕ ಮಾಡಿ, ಗಾಲಿಯ ಸುತ್ತ ಕಪ್ಪು ಅಂಚು ಕಟ್ಟಿ, ಮೇಲೆ ಎರಡು ಸರಳು ಕೂಡಿಸಿದರೆ ಎಂಪಿವಿಯೂ ಅರ್ಧ ಎಸ್‌ಯುವಿಯಂತೆ ಕಾಣುತ್ತದೆ. ಆಗಲೇ ಹೇಳಿದ ಫ್ರಾನ್ಸಿನ ಸೆನಿಕ್ ಕೂಡ ಹೊಸ ಅವತಾರದಲ್ಲಿ ವಿದ್ಯುತ್ತಿನಿಂದ ಓಡುವ ಎಸ್‌ಯುವಿಯಾಗಿ ಬಂದು, 2024ರಲ್ಲಿ ಮತ್ತೊಮ್ಮೆ ಯೂರೋಪಿನ ವರ್ಷದ ಕಾರಾಯಿತು. ನಮ್ಮ ತೆರಿಗೆಯವರಿಗೂ ಈ ಹೆಸರುಗಳ ಗೊಂದಲ ತಪ್ಪಲಿಲ್ಲ. 2023ರ ಜುಲೈ ತಿಂಗಳಲ್ಲಿ ಸರಕು ಮತ್ತು ಸೇವಾ ತೆರಿಗೆಯ ಮಂಡಳಿ ಸೇರಿ, ನಾಲ್ಕು ಮೀಟರಿಗಿಂತ ಉದ್ದ, 1500 ಸಿ.ಸಿ.ಗಿಂತ ದೊಡ್ಡ ಎಂಜಿನು, ಹೊರೆಯಿಲ್ಲದಾಗ ನೆಲದಿಂದ ತಳಕ್ಕೆ 170 ಮಿಲಿಮೀಟರಿಗೆ ಕಡಮೆಯಿಲ್ಲದ ಎತ್ತರ, ಈ ಮೂರೂ ಇದ್ದರೆ ಯಾವ ಹೆಸರಿನಿಂದ ಕರೆದರೂ ಉಪಕರ ನೂರಕ್ಕೆ 22 ಎಂದು ತೀರ್ಮಾನಿಸಿತು. 2025ರ ಸೆಪ್ಟೆಂಬರ್ 22ರಿಂದ ಆ ಉಪಕರವೂ ಹೋಗಿ, ಪೆಟ್ರೋಲು ಅಥವಾ ಡೀಸೆಲಿನಿಂದ ಓಡುವ, ನಾಲ್ಕು ಮೀಟರು ಮೀರಿದ ಕಾರುಗಳಿಗೆಲ್ಲ ತೆರಿಗೆ ನೂರಕ್ಕೆ 40 ಎಂದಾಯಿತು. ಎಂದ ಮೇಲೆ ತೆರಿಗೆಯ ಲೆಕ್ಕದಲ್ಲಿ ನಾವು ಮಾತನಾಡುತ್ತಿರುವ ಈ ಎರಡಕ್ಕೂ ಭೇದವಿಲ್ಲ. ಭೇದವಿರುವುದು ಒಳಗೆ ಕೂರುವವರಿಗೆ.

ಹೊರಗಿನ ನೋಟಕ್ಕೂ ಒಳಗಿನ ಕಟ್ಟಡಕ್ಕೂ ಸಂಬಂಧ ಕಡಮೆ ಎಂಬುದನ್ನು ಇನ್ನೊಂದು ಬಗೆಯಲ್ಲಿ ನೋಡಬಹುದು. ಹಿಂದಿನ ಕಾಲದ ಜೀಪು, ಸುಮೋ, ಕ್ವಾಲಿಸ್ ಇವೆಲ್ಲ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಗಾಡಿಗಳು. ಎತ್ತಿನ ಗಾಡಿಯಲ್ಲಿ ಕೆಳಗಿನ ಚೌಕಟ್ಟು ಬೇರೆ, ಮೇಲಿನ ಕಮಾನು ಬೇರೆ ಇರುತ್ತದಲ್ಲ, ಹಾಗೆ. ಭಾರ ಹೊರಲು, ಹಳ್ಳ ದಿಣ್ಣೆ ತಡೆಯಲು ಇದು ಒಳ್ಳೆಯದು. ಆದರೆ ಒಳಗಿನ ನೆಲ ಎತ್ತರವಾಗುತ್ತದೆ, ಓಲಾಟವೂ ಹೆಚ್ಚು. ಈಚಿನ ಎಕ್ಸ್‌ಯುವಿ 700, ಸಫಾರಿಗಳು ಹಾಗಲ್ಲ. ತೆಂಗಿನ ಕರಟದಂತೆ ಇಡೀ ಮೈಯೇ ಅವುಗಳ ಬಲ. ಕ್ಯಾರೆನ್ಸ್, ಎಕ್ಸ್‌ಎಲ್ 6 ಕೂಡ ಇದೇ ಬಗೆಯವು. 2021ರ ಸಫಾರಿಯಲ್ಲಿ ಎಂಜಿನಿನ ಬಲ ಮುಂದಿನ ಎರಡು ಗಾಲಿಗಳಿಗೆ ಮಾತ್ರ. ಎಕ್ಸ್‌ಯುವಿ 700ರಲ್ಲಿ ಮೇಲಿನ ದರ್ಜೆಯ ಕೆಲವಕ್ಕೆ ಬಿಟ್ಟು ಉಳಿದವಕ್ಕೆ ನಾಲ್ಕು ಗಾಲಿಯ ಬಲವಿರಲಿಲ್ಲ. ಆದುದರಿಂದ ‘ಎಸ್‌ಯುವಿ ಕೊಂಡರೆ ಎಲ್ಲಿ ಬೇಕಾದರೂ ಹೋಗಬಹುದು’ ಎಂಬ ಮಾತನ್ನು ಕೇಳಿದಾಗ, ನೀವು ನೋಡುತ್ತಿರುವ ಗಾಡಿಗೆ ಎಷ್ಟು ಗಾಲಿಯ ಬಲವಿದೆ ಎಂದು ಕೇಳಿ. ಎತ್ತರದ ತಳ ಹಳ್ಳದ ರಸ್ತೆಗೂ ಊರೂರಿನ ಉಬ್ಬುಗಳಿಗೂ ಉಪಯೋಗವೇ. ಕೆಸರಿನಲ್ಲಿ ಹೂತ ಗಾಲಿಯನ್ನು ಮೇಲೆತ್ತಲು ಆ ಎತ್ತರವೊಂದೇ ಸಾಲದು.

ಇನ್ನು ಅಳತೆಗಳಿಗೆ ಬರೋಣ. ಎಕ್ಸ್‌ಯುವಿ 700 ಹೊರಬಂದಾಗ ಅದರ ಉದ್ದ 4695 ಮಿಲಿಮೀಟರು, ಅಂದರೆ ಸುಮಾರು 15 ಅಡಿ 5 ಅಂಗುಲ. ಅಗಲ 1890 ಮಿಲಿಮೀಟರು, 6 ಅಡಿ 2 ಅಂಗುಲ. ಕ್ಯಾರೆನ್ಸಿನ ಉದ್ದ 4540, ಅಗಲ 1800; ಎಂದರೆ ಅದು ಉದ್ದದಲ್ಲಿ ಆರು ಅಂಗುಲ, ಅಗಲದಲ್ಲಿ ಮೂರೂವರೆ ಅಂಗುಲ ಕಡಮೆ. ಆದರೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗಿರುವ ಅಂತರವನ್ನು ನೋಡಿ. ಎಕ್ಸ್‌ಯುವಿಯಲ್ಲಿ 2750, ಕ್ಯಾರೆನ್ಸಿನಲ್ಲಿ 2780. ಸಣ್ಣ ಗಾಡಿಯಲ್ಲಿ ಈ ಅಂತರ ಒಂದು ಅಂಗುಲಕ್ಕಿಂತ ಹೆಚ್ಚು! ಜನ ಕೂರುವ ಜಾಗ ಬಹುಮಟ್ಟಿಗೆ ಈ ಎರಡು ಗಾಲಿಗಳ ನಡುವೆ ಇರುವುದು. ಎಸ್‌ಯುವಿಯ ಉದ್ದದಲ್ಲಿ ಒಂದು ಪಾಲು ಮುಂದಿನ ದೊಡ್ಡ ಮೂತಿಗೆ, ದೊಡ್ಡ ಎಂಜಿನಿಗೆ ಹೋಗುತ್ತದೆ. ಎಂಪಿವಿ ಮೂತಿಯನ್ನು ಗಿಡ್ಡ ಮಾಡಿ ಆ ಜಾಗವನ್ನು ಒಳಗಿನವರಿಗೆ ಕೊಡುತ್ತದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ, ಮೆಟ್ಟಿಲ ಕೆಳಗೆ ಕಾರು ನಿಲ್ಲಿಸುವವರು ಅಗಲದ ಮೂರೂವರೆ ಅಂಗುಲವನ್ನು ಅಲಕ್ಷ್ಯ ಮಾಡಬಾರದು. ಈ ಅಳತೆಗಳಲ್ಲಿ ಪಕ್ಕದ ಕನ್ನಡಿಗಳು ಸೇರಿಲ್ಲ. ಗಾಡಿ ಗೇಟಿನೊಳಗೆ ಬಂದ ಮೇಲೆ ಬಾಗಿಲು ತೆರೆದು ಅಜ್ಜಿ ಇಳಿಯಲು ಎಷ್ಟು ಜಾಗ ಉಳಿಯುತ್ತದೆಂದು ಟೇಪು ಹಿಡಿದು ಮೊದಲೇ ನೋಡಿಕೊಳ್ಳಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಮ್ಮ ಮನೆಗಳಲ್ಲಿ ಕಾರಿನ ಆಸನಗಳಿಗೂ ಒಂದು ಪಂಕ್ತಿಭೇದವಿದೆ. ಮುಂದೆ ಓಡಿಸುವ ಮಗ. ಪಕ್ಕದಲ್ಲಿ ಮನೆಯ ಯಜಮಾನರು. ನಡುವಿನ ಸಾಲಿನಲ್ಲಿ ಅಜ್ಜಿ, ಅತ್ತೆ, ಬಂದ ನೆಂಟರು. ಕೊನೆಯ ಸಾಲು ‘ನಾನು ಹಿಂದೆ ಕೂರುತ್ತೇನೆ ಬಿಡಿ’ ಎನ್ನುವವರದು. ಆ ಮಾತನ್ನು ಯಾರು ಹೇಳುತ್ತಾರೆಂಬುದು ನಿಮಗೆ ಗೊತ್ತು. ಮನೆಯ ಸೊಸೆ, ಕಾಲೇಜಿಗೆ ಹೋಗುವ ಮಗಳು, ಜೊತೆಯಲ್ಲಿರುವ ಚಿಕ್ಕಮ್ಮ, ಹತ್ತು ವರ್ಷದ ಹುಡುಗ. ಕಾರಿನ ಬಣ್ಣ, ಎಂಜಿನು, ಗಾಜಿನ ಮಾಡು ಇವುಗಳ ಚರ್ಚೆಯಲ್ಲಿ ಅವರ ಅಭಿಪ್ರಾಯವನ್ನು ಕೇಳಿರುವುದು ಕಡಮೆ. ಬೆಂಗಳೂರಿನಿಂದ ಮಂಗಳೂರಿಗೆ ಏಳೆಂಟು ಗಂಟೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುವವರು ಮಾತ್ರ ಅವರೇ. ಹಾಗಾದರೆ ಗಾಡಿಯನ್ನು ನೋಡುವಾಗ ಮುಂದಿನ ಬಾಗಿಲಿನಿಂದ ಆರಂಭಿಸುವ ಬದಲು ಕೊನೆಯ ಸಾಲಿನಿಂದ ಆರಂಭಿಸಬೇಕು. ಅಲ್ಲಿ ಕುಳಿತವರಿಗೆ ಪ್ರಯಾಣ ಸಹ್ಯವಾದರೆ ಉಳಿದವರಿಗೆಲ್ಲ ಸುಖವಾಗಿಯೇ ಇರುತ್ತದೆ. ಸಂಸಾರದ ಗಾಡಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿಯದು.

ಕೊನೆಯ ಸಾಲನ್ನು ಪರೀಕ್ಷಿಸುವುದು ಹೇಗೆ? ಮೊದಲು ಒಳಗೆ ಹೋಗುವ ದಾರಿ. ನಡುವಿನ ಆಸನ ಮಡಚಿ ಮುಂದೆ ಉರುಳಬೇಕು. ಅದನ್ನು ಒಬ್ಬ ಹೆಂಗಸು ಒಂದೇ ಕೈಯಿಂದ ಮಾಡಲು ಸಾಧ್ಯವೇ? ಸೀರೆಯುಟ್ಟವರು ಕಾಲೆತ್ತಿ ದಾಟುವಾಗ ನೆಲ ಎಷ್ಟು ಎತ್ತರದಲ್ಲಿದೆ? ನಡುವೆ ಎರಡು ಬಿಡಿ ಆಸನಗಳಿರುವ ಆರು ಜನರ ಗಾಡಿಯಾದರೆ ಅವುಗಳ ಮಧ್ಯದಿಂದಲೇ ಹಿಂದಕ್ಕೆ ಹೋಗಬಹುದು. ಒಂದು ಆಸನ ಕಡಮೆಯಾದರೂ ದಿನವೂ ಹತ್ತಿ ಇಳಿಯುವವರಿಗೆ ಇದು ದೊಡ್ಡ ಅನುಕೂಲ. ಆಮೇಲೆ ಕುಳಿತು ನೋಡಿ. ತೊಡೆಗೆ ಆಸನದ ಆಸರೆ ಸಿಗುತ್ತದೆಯೇ, ಇಲ್ಲ ಮೊಣಕಾಲು ಮೇಲೆದ್ದು ತೊಡೆ ಗಾಳಿಯಲ್ಲಿ ನಿಲ್ಲುತ್ತದೆಯೇ? ಎಸ್‌ಯುವಿಗಳಲ್ಲಿ ಹಿಂದಿನ ನೆಲ ಎತ್ತರವಾಗಿ, ಆಸನ ತಗ್ಗಾಗಿ ಇರುವುದುಂಟು. ಚಕ್ಕಳಮಕ್ಕಳ ಹಾಕಿ ಕೂರಲೂ ಆಗದೆ, ಕಾಲು ಚಾಚಲೂ ಆಗದೆ ಕುಕ್ಕುರುಗಾಲಿನಲ್ಲಿ ಕೂರಬೇಕಾಗುತ್ತದೆ. ತಲೆ ಮಾಡಿಗೆ ತಾಗುತ್ತದೆಯೇ? ತಲೆಯ ಹಿಂದೆ ಒರಗು ಇದೆಯೇ? ತಂಗಾಳಿ ಬರುವ ಕಿಂಡಿ ಆ ಸಾಲಿಗೂ ಇದೆಯೇ? ಕಿಟಕಿ ಎಷ್ಟು ದೊಡ್ಡದು?

ಕಿಟಕಿಯ ಮಾತನ್ನು ಸಣ್ಣದೆಂದು ಎಣಿಸಬೇಡಿ. ಶಿರಾಡಿ, ಚಾರ್ಮಾಡಿ, ಆಗುಂಬೆಗಳಲ್ಲಿ ಮಕ್ಕಳಿಗೂ ಹೆಂಗಸರಿಗೂ ಹೊಟ್ಟೆ ತೊಳಸುವುದು ನಮಗೆಲ್ಲ ಗೊತ್ತಿರುವುದೇ. ಒಳಗಿವಿಗೆ ಗಾಡಿಯ ತಿರುವು ತಿಳಿಯುತ್ತದೆ. ಕಣ್ಣಿಗೆ ಮಾತ್ರ ಮುಂದಿನ ಆಸನದ ಬೆನ್ನಷ್ಟೇ ಕಾಣುತ್ತಿರುತ್ತದೆ. ಇವೆರಡರ ಹೊಂದಾಣಿಕೆ ತಪ್ಪುವುದೇ ಆ ತೊಳಸಾಟಕ್ಕೆ ಕಾರಣ. ಹೊರಗಿನ ರಸ್ತೆ, ಬೆಟ್ಟದ ಸಾಲು ಕಾಣುತ್ತಿದ್ದರೆ ಅದು ಕಡಮೆಯಾಗುತ್ತದೆ. ಕೊನೆಯ ಸಾಲು ಹಿಂದಿನ ಗಾಲಿಗಳ ಹತ್ತಿರವೇ ಇರುವುದರಿಂದ ಅಲ್ಲಿ ಕುಲುಕಾಟವೂ ಹೆಚ್ಚು. ಎಸ್‌ಯುವಿಗಳಲ್ಲಿ ಕಿಟಕಿಯ ಕೆಳ ಅಂಚು ಹಿಂದಕ್ಕೆ ಹೋದಂತೆ ಮೇಲೇರುವುದು ಒಂದು ಚೆಲುವು. ಆ ಚೆಲುವಿನ ಹಿಂದೆ ಕುಳಿತ ಹುಡುಗನಿಗೆ ಆಕಾಶದ ಒಂದು ತುಂಡಷ್ಟೇ ಕಾಣುತ್ತದೆ.

ವಯಸ್ಸಾದವರ ವಿಷಯವನ್ನೂ ನೋಡಬೇಕು. ಕಾರಿನ ಆಸನ ತೀರ ತಗ್ಗಾದರೆ ಕುಸಿದು ಕೂರಬೇಕು, ಏಳುವಾಗ ಮಂಡಿ ನೋಯುತ್ತದೆ. ತೀರ ಎತ್ತರವಾದರೆ ಹತ್ತಬೇಕು. ಹತ್ತುವಾಗ ಒಂದೇ ಕಾಲಿನ ಮೇಲೆ ಮೈಭಾರವೆಲ್ಲ ಬೀಳುತ್ತದೆ. ನಿಂತವರ ಸೊಂಟದ ಮಟ್ಟಕ್ಕೆ ಆಸನವಿದ್ದು, ಬೆನ್ನು ತಿರುಗಿಸಿ ಸುಮ್ಮನೆ ಕುಳಿತು, ಕಾಲುಗಳನ್ನು ಒಳಗೆ ತೆಗೆದುಕೊಳ್ಳುವಂತಿದ್ದರೆ ಅದು ಹಿರಿಯರಿಗೆ ಹೊಂದುವ ಗಾಡಿ. ನೆಲ ತಗ್ಗಾಗಿರುವ ಎಂಪಿವಿಯಲ್ಲಿ ಇದು ಹೆಚ್ಚಾಗಿ ಸಾಧ್ಯ. ಎಸ್‌ಯುವಿಗೆ ಪಕ್ಕದಲ್ಲಿ ಮೆಟ್ಟಿಲು ಹಾಕಿಸಬಹುದು, ಹಿಡಿದುಕೊಳ್ಳಲು ಕಂಬದಲ್ಲಿ ಹಿಡಿಯಿರಬೇಕು. ಆದರೆ ಮಳೆಗಾಲದಲ್ಲಿ ಕೆಸರು ಮೆತ್ತಿದ ಆ ಮೆಟ್ಟಿಲ ಮೇಲೆ ಎಪ್ಪತ್ತು ವರ್ಷದವರು ಕಾಲಿಡುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮನುಷ್ಯರ ಎತ್ತರ ಬೇರೆ ಬೇರೆ. ನಿಮ್ಮ ತಾಯಿಯವರ ಸೊಂಟದ ಎತ್ತರವೇ ನಿಮ್ಮ ಮನೆಗೆ ಪ್ರಮಾಣ.

ಏಳು ಜನರ ಗಾಡಿಯೆಂದು ನಂಬಿ ಕೊಂಡವರು ಮೊದಲ ಪ್ರವಾಸದಲ್ಲಿ ಕಂಡುಕೊಳ್ಳುವ ಒಂದು ಸತ್ಯವಿದೆ. ಏಳು ಜನ ಕುಳಿತರೆ ಸಾಮಾನಿಗೆ ಜಾಗವಿಲ್ಲ. ಕ್ಯಾರೆನ್ಸಿನಲ್ಲಿ ಮೂರೂ ಸಾಲು ತೆರೆದಾಗ ಹಿಂದೆ ಉಳಿಯುವುದು 216 ಲೀಟರಿನಷ್ಟು ಜಾಗ, ಎಕ್ಸ್‌ಎಲ್ 6ರಲ್ಲಿ 209. ಎರಡು ಮೂರು ಬಟ್ಟೆಯ ಚೀಲಗಳು ಹಿಡಿದಾವು. ಮೂರು ಸಾಲಿನ ಎಸ್‌ಯುವಿಗಳಲ್ಲಿಯೂ ಇದಕ್ಕಿಂತ ಬಹಳ ಉತ್ತಮ ಸ್ಥಿತಿಯೇನಿಲ್ಲ. ಮದುವೆಯ ರೇಷ್ಮೆ ಸೀರೆಗಳ ಪೆಟ್ಟಿಗೆ, ಹಣ್ಣಿನ ಬುಟ್ಟಿ, ಮಗುವಿನ ತೊಟ್ಟಿಲು ಎಂದರೆ ಮಾಡಿನ ಮೇಲೆ ಕಟ್ಟಬೇಕು. ಆಗ ಇನ್ನೊಂದು ತೊಡಕು. ತುಂಬಿದ ಕೊಡವನ್ನು ಸೊಂಟದಲ್ಲಿ ಹೊತ್ತು ತಿರುಗುವುದಕ್ಕೂ ತಲೆಯ ಮೇಲೆ ಹೊತ್ತು ತಿರುಗುವುದಕ್ಕೂ ಇರುವ ವ್ಯತ್ಯಾಸ ನಮ್ಮ ಹೆಂಗಸರಿಗೆ ಗೊತ್ತು. ಭಾರ ಮೇಲಕ್ಕೆ ಹೋದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಎತ್ತರದ ಗಾಡಿಗೆ ಮೇಲೆ ಮೂಟೆ ಕಟ್ಟಿ ಘಟ್ಟ ಇಳಿಯುವಾಗ ವೇಗವನ್ನು ಕಡಮೆ ಮಾಡದೆ ಬೇರೆ ದಾರಿಯಿಲ್ಲ. ತಲಾ 65 ಕಿಲೋ ಎಂದರೆ ಏಳು ಜನ 455 ಕಿಲೋ. ತಲಾ ಹತ್ತು ಕಿಲೋ ಸಾಮಾನು ಸೇರಿದರೆ 525 ಕಿಲೋ. ಇಷ್ಟು ಭಾರಕ್ಕೆ ಟಯರಿನಲ್ಲಿ ಗಾಳಿ ಎಷ್ಟಿರಬೇಕೆಂದು ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಬರೆದಿರುತ್ತದೆ, ಓದಿ ಹೊರಡಿ.

ಸುರಕ್ಷತೆಯ ಪ್ರಶ್ನೆಯಲ್ಲಿ ಎಸ್‌ಯುವಿಯ ಪಕ್ಷಪಾತಿಗಳಿಗೆ ಒಂದು ಬಲವಾದ ವಾದವಿದೆ. ಎಕ್ಸ್‌ಯುವಿ 700 ಗಾಡಿಗೆ 2021ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ, ಮಕ್ಕಳ ರಕ್ಷಣೆಗೆ ನಾಲ್ಕು ದೊರೆತವು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಫಾರಿಗೆ ಅಲ್ಲಿ ಐದು ನಕ್ಷತ್ರ ಬಂದವು. ಕ್ಯಾರೆನ್ಸಿಗೆ 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ. ಈ ವ್ಯತ್ಯಾಸವನ್ನು ಮರೆಮಾಚುವುದು ಸರಿಯಲ್ಲ. ಆದರೆ ಇದು ಜಾತಿಯ ಗುಣವೆಂದೂ ತಿಳಿಯಬೇಕಾಗಿಲ್ಲ. ಬಿಡದಿಯಲ್ಲಿಯೇ ತಯಾರಾಗುವ ಇನ್ನೋವಾ ಹೈಕ್ರಾಸ್ ಎಂಪಿವಿ 2025ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರಗಳನ್ನು ಗಳಿಸಿತು. ಅದು ಅಡಕವಾದ ಗಾಡಿಯಲ್ಲ, ಬೆಲೆಯೂ ಹೆಚ್ಚು, ಆದರೂ ಎಂಪಿವಿಯನ್ನು ಗಟ್ಟಿಯಾಗಿ ಕಟ್ಟಬಹುದೆಂಬುದಕ್ಕೆ ಸಾಕ್ಷಿ. ನೀವು ಕೊಳ್ಳಲಿರುವ ಗಾಡಿಯ ಇತ್ತೀಚಿನ ಪರೀಕ್ಷೆ ಯಾವ ವರ್ಷ ನಡೆಯಿತು, ಎಷ್ಟು ನಕ್ಷತ್ರ ಬಂದವು ಎಂದು ಮಾರುವವರನ್ನು ಕೇಳಿ ತಿಳಿದುಕೊಳ್ಳಿ.

ನಕ್ಷತ್ರಗಳ ಜೊತೆಗೆ ಕೊನೆಯ ಸಾಲಿನ ಮಾತು ಮತ್ತೆ ಬರುತ್ತದೆ. ಅಲ್ಲಿನ ಪ್ರತಿಯೊಂದು ಆಸನಕ್ಕೂ ಎದೆಯ ಮೇಲಿನಿಂದ ಹಾಯುವ ಪೂರ್ತಿ ಬೆಲ್ಟು ಇದೆಯೇ? ಪಕ್ಕದಲ್ಲಿ ಇಳಿಯುವ ಗಾಳಿಚೀಲದ ಪರದೆ ಮೂರನೆಯ ಸಾಲಿನ ತಲೆಯವರೆಗೆ ಬರುತ್ತದೆಯೇ? ತಲೆಗೂ ಹಿಂದಿನ ಗಾಜಿಗೂ ಎಷ್ಟು ಅಂತರವಿದೆ? ಮಗುವಿನ ಕುರ್ಚಿಯನ್ನು ಬಿಗಿಯುವ ಕೊಂಡಿಗಳು ಸಾಮಾನ್ಯವಾಗಿ ನಡುವಿನ ಸಾಲಿನಲ್ಲಿರುತ್ತವೆ. ಆದುದರಿಂದ ಪುಟ್ಟ ಮಗುವಿನ ಸ್ಥಳ ಅಲ್ಲಿ, ಹಿಂದೆ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೆಲ್ಟನ್ನು ಕಟ್ಟಿಕೊಳ್ಳಬೇಕು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡುದು ಬೆಲೆಬಾಳುವ ಎಸ್‌ಯುವಿಯ ಹಿಂದಿನ ಆಸನದಲ್ಲಿ ಕುಳಿತಿದ್ದಾಗ. ಅವರು ಬೆಲ್ಟು ಕಟ್ಟಿರಲಿಲ್ಲವೆಂದು ಪೊಲೀಸರು ಹೇಳಿದರು. 2019ರ ತಿದ್ದುಪಡಿಯ ಪ್ರಕಾರ ಬೆಲ್ಟಿಲ್ಲದವರಿಗೆ ಸಾವಿರ ರೂಪಾಯಿ ದಂಡವಿದೆ. ದಂಡದ ಭಯಕ್ಕಲ್ಲದಿದ್ದರೂ ಮಕ್ಕಳ ಮುಖ ನೋಡಿಯಾದರೂ ಹಿಂದಿನ ಸಾಲಿನವರೂ ಅದನ್ನು ಕಟ್ಟಬೇಕು.

ಇಷ್ಟು ಹೇಳಿದುದರಿಂದ ನಾನು ಎಂಪಿವಿಯ ವಕೀಲನೆಂದು ತಿಳಿಯಬೇಡಿ. ಎಸ್‌ಯುವಿಯೇ ಸರಿಯಾಗುವ ಮನೆಗಳು ಬೇಕಾದಷ್ಟಿವೆ. ದಿನವೂ ಓಡಾಡುವವರು ನಾಲ್ಕೈದು ಜನ, ಕೊನೆಯ ಸಾಲು ಬೇಕಾಗುವುದು ಹಬ್ಬಕ್ಕೋ ಹುಣ್ಣಿಮೆಗೋ ಎಂದಾದರೆ, ಆ ಸಾಲನ್ನು ಮಡಚಿಟ್ಟ ಎಸ್‌ಯುವಿಯಲ್ಲಿ ಐದು ಜನಕ್ಕೆ ವಿಶಾಲವಾದ ಸ್ಥಳ, ಸಾಮಾನಿಗೆ ದೊಡ್ಡ ಜಾಗ ಎರಡೂ ದೊರೆಯುತ್ತವೆ. ಎಕ್ಸ್‌ಯುವಿ 700, 2021ರ ಸಫಾರಿಗಳಲ್ಲಿ ಎರಡು ಲೀಟರು ಅಥವಾ ಅದಕ್ಕೂ ದೊಡ್ಡ ಎಂಜಿನು. ಕ್ಯಾರೆನ್ಸ್, ಎಕ್ಸ್‌ಎಲ್ 6ಗಳಲ್ಲಿ ಒಂದೂವರೆ ಲೀಟರಿನದು. ತುಂಬಿದ ಗಾಡಿಯಲ್ಲಿ ಘಟ್ಟ ಹತ್ತುವಾಗ, ಲಾರಿಯನ್ನು ದಾಟುವಾಗ ಹೆಚ್ಚಿನ ಬಲ ಒಂದು ಬಗೆಯ ರಕ್ಷಣೆಯೇ ಸರಿ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಒಳದಾರಿಯಲ್ಲಿ ಮಳೆಗಾಲದಲ್ಲಿಯೂ ಓಡಾಡಬೇಕಾದವರಿಗೆ ನಾಲ್ಕು ಗಾಲಿಯ ಬಲವುಳ್ಳ ಗಾಡಿಯೇ ಬೇಕು. ನಮ್ಮ ಹೆದ್ದಾರಿಯಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರು ಓಡುವವನು ಗಟ್ಟಿತನಕ್ಕೂ ನಕ್ಷತ್ರಕ್ಕೂ ಹೆಚ್ಚು ಬೆಲೆ ಕೊಟ್ಟರೆ ತಪ್ಪೇನೂ ಇಲ್ಲ. ಇವೆಲ್ಲ ನಿಜವಾದ ಕಾರಣಗಳು. ಪಕ್ಕದ ಮನೆಯವರು ಎಸ್‌ಯುವಿ ತಂದರು ಎಂಬುದು ಈ ಸಾಲಿಗೆ ಸೇರುವ ಕಾರಣವಲ್ಲ.

ಹಣದ ಮಾತು ಆಡದೆ ಮುಗಿಸುವಂತಿಲ್ಲ. ಎರಡು ಗಾಡಿಗಳ ಬೆಲೆಯಲ್ಲಿ ಐದು ಲಕ್ಷ ರೂಪಾಯಿ ವ್ಯತ್ಯಾಸವಿದೆಯೆಂದು ಇಟ್ಟುಕೊಳ್ಳಿ. ಆ ಐದು ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಂತೆ ಏಳು ವರ್ಷಕ್ಕೆ ಸಾಲ ತಂದರೆ ತಿಂಗಳ ಕಂತು ಸುಮಾರು 8,045 ರೂಪಾಯಿ. ಸಾಲ ತೀರುವ ಹೊತ್ತಿಗೆ ಕೊಟ್ಟಿರುವುದು 6 ಲಕ್ಷದ 75 ಸಾವಿರಕ್ಕೂ ಹೆಚ್ಚು. ನಮ್ಮ ರಾಜ್ಯದಲ್ಲಿ ಕಾರಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ. ಇತ್ತೀಚಿನ ವರ್ಷಗಳಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಗಾಡಿಗೆ ನೂರಕ್ಕೆ 17, ಅದಕ್ಕೆ ಮೇಲ್ಪಟ್ಟುದಕ್ಕೆ 18, ಆ ತೆರಿಗೆಯ ಮೇಲೆ ಉಪಕರ ಬೇರೆ. ವಿಮೆಯೂ ಬೆಲೆಯನ್ನು ಹಿಂಬಾಲಿಸುತ್ತದೆ. ಇನ್ನು ಎಣ್ಣೆಯ ಖರ್ಚು. ವರ್ಷಕ್ಕೆ 12,000 ಕಿಲೋಮೀಟರು ಓಡಿಸುವವರಿಗೆ ಒಂದು ಗಾಡಿ ಲೀಟರಿಗೆ 12 ಕಿಲೋಮೀಟರು, ಇನ್ನೊಂದು 15 ಕೊಟ್ಟರೆ, ಮೊದಲನೆಯದಕ್ಕೆ ಸಾವಿರ ಲೀಟರು, ಎರಡನೆಯದಕ್ಕೆ ಎಂಟುನೂರು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಇಪ್ಪತ್ತು ಸಾವಿರದ ವ್ಯತ್ಯಾಸ. ದೊಡ್ಡ ಟಯರುಗಳ ಬೆಲೆಯನ್ನೂ ವಿಚಾರಿಸಿಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವ ದಿನ ಬಂದೇ ಬರುತ್ತದೆ.

ಈ ಲೆಕ್ಕವನ್ನು ಬರೆದಿಟ್ಟುಕೊಂಡು, ಕಳೆದ ವರ್ಷದ ಪಂಚಾಂಗವನ್ನು ಎದುರಿಗೆ ತೆಗೆದಿಡಿ. ಮನೆಯವರೆಲ್ಲ, ಆರೇಳು ಜನ, ಒಂದೇ ಗಾಡಿಯಲ್ಲಿ ಹೋಗಬೇಕಾಗಿ ಬಂದ ದಿನಗಳೆಷ್ಟು ಎಂದು ಗುರುತು ಹಾಕಿ. ನಾಲ್ಕೈದು ದಿನ ಮಾತ್ರವಾದರೆ ಮೂರನೆಯ ಸಾಲಿಗಾಗಿ ಲಕ್ಷಗಳನ್ನು ಕೊಡಬೇಕೆ? ಆ ದಿನಗಳಿಗೆ ಒಂದು ಇನ್ನೋವಾ ಬಾಡಿಗೆಗೆ ಹಿಡಿದರೆ ಓಡಿಸುವ ಶ್ರಮವೂ ತಪ್ಪುತ್ತದೆ. ಸ್ವಂತಕ್ಕೆ ಐದು ಜನರ ಗಾಡಿ ಸಾಕು. ಮೂವತ್ತು ನಲವತ್ತು ದಿನವಾದರೆ, ಅಥವಾ ದಿನವೂ ಮಕ್ಕಳ ಶಾಲೆ, ಹಿರಿಯರ ಆಸ್ಪತ್ರೆ, ವಾರಕ್ಕೊಮ್ಮೆ ಊರು ಎಂದಿದ್ದರೆ, ಕೊನೆಯ ಸಾಲು ನಿಮ್ಮ ಮನೆಯ ನಿಜವಾದ ಅಗತ್ಯ. ಆಗ ಅಡಕವಾದ ಎಂಪಿವಿಯೇ ಹೆಚ್ಚಿನ ಮನೆಗಳಿಗೆ ಹೊಂದುತ್ತದೆಂದು ನನಗೆ ತೋರುತ್ತದೆ. ನಿಮ್ಮ ಗುರುತುಗಳು ಬೇರೆ ಹೇಳಿದರೆ ಅವನ್ನೇ ನಂಬಿ.

ಕೊನೆಯದಾಗಿ ಒಂದು ಸಲಹೆ. ಗಾಡಿ ನೋಡಲು ಮನೆಯ ಗಂಡಸರಿಬ್ಬರೇ ಹೋಗಬೇಡಿ. ಒಂದು ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ. ಅಜ್ಜಿಯೂ ಬರಲಿ, ಮಕ್ಕಳೂ ಬರಲಿ. ಎರಡೂ ಗಾಡಿಗಳಲ್ಲಿ ಎಲ್ಲರೂ ಕುಳಿತು, ಬೆಲ್ಟು ಕಟ್ಟಿಕೊಂಡು, ಅರ್ಧ ಗಂಟೆ ಸುತ್ತಿ ಬನ್ನಿ. ಊರಿನ ಅತ್ಯಂತ ಕೆಟ್ಟ ರಸ್ತೆಯನ್ನೂ ನಾಲ್ಕು ಉಬ್ಬುಗಳನ್ನೂ ಆ ದಾರಿಯಲ್ಲಿ ಸೇರಿಸಿ. ಓಡಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಹಣ ಕೊಡುವವರು ಮೂರನೆಯ ಸಾಲಿನಲ್ಲಿ ಕೂರಬೇಕು. ಯಾವಾಗಲೂ ಹಿಂದೆ ಕೂರುವವರು ಅಂದು ಮುಂದೆ ಕುಳಿತಿರಲಿ. ಹಿಂದಿರುಗಿ ಬಂದ ಮೇಲೆ ಕರಾರಿನ ಕಾಗದ ಮುಂದೆ ಬಂದರೆ, ಅಲ್ಲಿಯೇ ಸಹಿ ಮಾಡದೆ ಮನೆಗೆ ಬನ್ನಿ. ರಾತ್ರಿ ಊಟವಾದ ಬಳಿಕ, ಹಿಂದೆ ಕೂರುವವರನ್ನೇ ಮೊದಲು ಕೇಳಿ.